ಚೌಕಾಬಾರ ಮತ್ತೆ ಆಡಲು ಕೂರುವವರಿಗೆ

ಕವಡೆ ಹಾಕಿ ಕಾಯಿ ನಡೆಸುವ ಚೌಕಾಬಾರದ ಮನೆ ಬರೆಯುವುದು ಯಾರಿಗೂ ಮರೆತಿರುವುದಿಲ್ಲ. ಮರೆತಿರುವುದು ಕಾಯಿ ಎಲ್ಲಿ ಒಳಕ್ಕೆ ತಿರುಗಬೇಕು ಎನ್ನುವುದು. ಎಷ್ಟೋ ವರ್ಷಗಳ ಮೇಲೆ ಅಕ್ಕ ತಮ್ಮ ಆಡಲು ಕೂತರೆ ಹತ್ತು ನಿಮಿಷದೊಳಗೆ ಜಗಳ ಹತ್ತುವುದು ಇದೇ ಜಾಗದಲ್ಲಿ. ಹಾಗಾಗಿ ಮನೆ, ಕವಡೆ, ದಾರಿ ಮೂರನ್ನೂ ಮೊದಲೇ ಸರಿಮಾಡಿಕೊಳ್ಳಿ.

ಅಡ್ಡ 6 ಗೆರೆ, ಉದ್ದ 6 ಗೆರೆ ಎಳೆದರೆ 25 ಮನೆ. ಒಂದೊಂದು ಮನೆ 7 ಸೆಂ.ಮೀ. ಇರಲಿ. ಅದಕ್ಕಿಂತ ಚಿಕ್ಕದಾದರೆ ಒಂದೇ ಮನೆಯಲ್ಲಿ ಆರೇಳು ಕಾಯಿ ಸೇರಿದಾಗ ಯಾವುದು ಯಾರದೆಂದು ತಿಳಿಯುವುದಿಲ್ಲ. ನಾಲ್ಕು ಬದಿಯ ನಡುಮನೆಗೆ ಮತ್ತು ಒಟ್ಟು ನಡುವಿನ ಮನೆಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಹಾಕಿ. ಬದಿಯ ನಾಲ್ಕು ಕಟ್ಟೆಗಳು (ಅಲ್ಲಿ ಕೂತ ಕಾಯಿಗೆ ಎದುರಾಳಿಯ ಭಯವಿಲ್ಲ), ನಡುವಿನದು ಹಣ್ಣಿನ ಮನೆ (ಕಾಯಿ ಕೊನೆಗೆ ಸೇರಬೇಕಾದದ್ದು ಇಲ್ಲಿಗೆ). ರೆಡ್‌ಆಕ್ಸೈಡ್ ನೆಲವಾದರೆ ಸೀಮೆಸುಣ್ಣ ಸಾಕು. ನುಣುಪು ಟೈಲ್ಸ್ ಮೇಲೆ ಅದು ನಿಲ್ಲುವುದಿಲ್ಲ, ಕವಡೆಯೂ ಪುಟಿದು ಸೋಫಾ ಕೆಳಗೆ ಹೋಗುತ್ತದೆ. ದಪ್ಪ ಬಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಬರೆದು ಹಾಸುವುದು ಒಳ್ಳೆಯದು. (ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಆಟದ ಮನೆಗಳನ್ನು ಕೊರೆದೇ ಇಟ್ಟಿದ್ದಾರೆ, ಅಳಿಸಿಹೋಗುವ ಚಿಂತೆಯೇ ಇಲ್ಲ.) ಮಾಡಿದ ಮಣೆಯೇ ಬೇಕಿದ್ದರೆ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದ ಕ್ರೀಡಾ ಕೌಶಲ್ಯ ಪ್ರದರ್ಶನದಲ್ಲಿ ಹುಡುಕಿ.

ಕವಡೆ ನಾಲ್ಕು ಬೇಕು, ನಾಲ್ಕೂ ಒಂದೇ ಅಳತೆಯವು. ಸಿಗದಿದ್ದರೆ ಹುಣಸೆ ಬೀಜ. ಹುರಿದ ಬೀಜ ಬೇಡ, ಉಜ್ಜುವಾಗ ಸೀಳುತ್ತದೆ. ಹಸಿ ಬೀಜದ ಒಂದು ಮೈಯನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವವರೆಗೆ, ದಪ್ಪ ಅರ್ಧಕ್ಕಿಳಿಯುವವರೆಗೆ ಉಜ್ಜಿ. ಬೆರಳು ಬಿಸಿಯಾದಾಗ ನಿಲ್ಲಿಸಿ, ಮತ್ತೆ ಉಜ್ಜಿ. ಸುಮ್ಮನೆ ಸಿಪ್ಪೆ ಹೋಗುವಷ್ಟೇ ಉಜ್ಜಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಆಗ ಬೀಜ ಒಂದೇ ಮಗ್ಗುಲಿಗೆ ಹೆಚ್ಚು ಬೀಳಬಹುದು. ಪ್ರತಿ ಬೀಜವನ್ನೂ ಒಂಟಿಯಾಗಿ 50 ಸಲ ಹಾಕಿ ನೋಡಿ. ಬಿಳಿ 25ರ ಆಸುಪಾಸು ಬಂದರೆ ಸರಿ. 15ಕ್ಕಿಂತ ಕಡಿಮೆ ಅಥವಾ 35ಕ್ಕಿಂತ ಹೆಚ್ಚು ಬಂದರೆ ಆ ಬೀಜ ಬಿಡಿ.

ಬಾಯಿ ಮೇಲಾಗಿ (ಬೀಜವಾದರೆ ಬಿಳಿ ಮೇಲಾಗಿ) ಬಿದ್ದದ್ದನ್ನು ಎಣಿಸಬೇಕು. ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು. ಚೌಕಕ್ಕೂ ಬಾರಕ್ಕೂ ಮತ್ತೊಂದು ಗರ, ಅಂದರೆ ಮತ್ತೊಮ್ಮೆ ಕವಡೆ ಹಾಕುವ ಅವಕಾಶ, ಸಿಗುತ್ತದೆ. ಸಮನಾದ ಬೀಜದಲ್ಲಿ ಸರಾಸರಿ 16 ಗರಕ್ಕೆ ಒಂದು ಚೌಕ, ಒಂದು ಬಾರ, ಆರು ಎರಡು. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ ಅನ್ನುವುದು ಇದರಿಂದಲೇ.

ಇನ್ನು ದಾರಿ. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ: ಬಳೆ ಚೂರು, ಬಟನ್, ಕಡ್ಲೆಕಾಯಿ ಸಿಪ್ಪೆ, ಏನಾದರೂ ಸರಿ, ಬಣ್ಣ ಬೇರೆಯಿರಲಿ. ನಾಲ್ಕನ್ನೂ ನಿಮ್ಮ ಮುಂದಿನ ಕಟ್ಟೆಯಲ್ಲಿಡಿ. ಕಾಯಿ ನಿಮ್ಮ ಬಲಕ್ಕೆ ಹೊರಟು ಹೊರಸುತ್ತಿನಲ್ಲಿ 15 ಮನೆ ನಡೆದು, ನಿಮ್ಮ ಕಟ್ಟೆಯ ಎಡಮಗ್ಗುಲಿನ ಮನೆಗೆ ಬರುತ್ತದೆ. ಒಳಕ್ಕೆ ತಿರುಗುವುದು ಅಲ್ಲಿ. ನೇರ ಅದರ ಮುಂದಿನ ಒಳಮನೆಗೆ ಹತ್ತಿ, ಈಗ ದಿಕ್ಕು ಬದಲಿಸಿ, ಗಡಿಯಾರದ ಮುಳ್ಳಿನಂತೆ ಒಳಸುತ್ತಿನ 8 ಮನೆ ನಡೆದರೆ ನಿಮ್ಮ ಕಟ್ಟೆಯ ಎದುರಿನ ಒಳಮನೆಗೆ ಬರುತ್ತೀರಿ. ಅಲ್ಲಿಂದ ಒಂದು ಹೆಜ್ಜೆಗೆ ಹಣ್ಣು. ಎಣಿಸಿದರೆ ಒಟ್ಟು 24 ಹೆಜ್ಜೆ. 23 ಅಥವಾ 25 ಬಂದರೆ ತಿರುವಿನಲ್ಲಿ ತಪ್ಪಿದ್ದೀರಿ. ಕಟ್ಟೆಗಳು 4, 8, 12ನೇ ಹೆಜ್ಜೆಯಲ್ಲಿ ಬರುವುದರಿಂದ, ನಿಮ್ಮ ಕಟ್ಟೆಯಿಂದ ಹೊರಡುವ ಕಾಯಿಗೆ ಚೌಕ ಬಿದ್ದರೂ ಬಾರ ಬಿದ್ದರೂ ಅದು ಸೀದಾ ಕಟ್ಟೆಗೇ ಹೋಗಿ ಕೂರುತ್ತದೆ. ಈ ಆಟದ ಅಂದವೆಲ್ಲ ಈ ಲೆಕ್ಕದಲ್ಲಿದೆ.

ಕಟ್ಟೆಯ ಹೊರಗೆ ಎದುರಾಳಿಯ ಕಾಯಿ ಇರುವ ಮನೆಗೆ ನಿಮ್ಮ ಕಾಯಿ ಬಂದರೆ ಅದನ್ನು ಕಡಿದಂತೆ. ಕಡಿಸಿಕೊಂಡದ್ದು ತಾನು ಹೊರಟ ಕಟ್ಟೆಗೆ ವಾಪಸ್, ಕಡಿದವರಿಗೆ ಇನ್ನೊಂದು ಗರ. ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಹೊರಗೇ ಸುತ್ತುತ್ತಿರಬೇಕು. ಮಕ್ಕಳು ಅಳುತ್ತಾರೆಂದು ಈ ನಿಯಮ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಓಡುತ್ತಾರೆ, ಆಟ ಬರೀ ಎಣಿಕೆಯಾಗುತ್ತದೆ.

ಊರಿಗೊಂದು, ಮನೆಗೊಂದು ಇರುವ ನಿಯಮಗಳನ್ನು ಮೊದಲ ಗರಕ್ಕೆ ಮುಂಚೆಯೇ ಮಾತಾಡಿಕೊಳ್ಳಿ: ಮೊದಲ ಕಾಯಿ ಹೊರಡಲು ಚೌಕ ಅಥವಾ ಬಾರವೇ ಬೀಳಬೇಕೇ? ಸಾಲಾಗಿ ಮೂರು ಸಲ ಚೌಕ, ಬಾರ ಬಿದ್ದರೆ ಮೂರೂ ಸುಟ್ಟುಹೋದವೇ? ಕಟ್ಟೆಯಲ್ಲದ ಮನೆಯಲ್ಲಿ ನಿಮ್ಮವೇ ಎರಡು ಕಾಯಿ ಇರಬಹುದೇ? ಒಂದರ ಮೇಲೊಂದು ಒರಗಿ ನಿಂತ ಕವಡೆಯನ್ನು ಎಣಿಸದೆ ನಾಲ್ಕನ್ನೂ ಮತ್ತೆ ಹಾಕುವುದೇ ನ್ಯಾಯ.

ಒಳಸುತ್ತಿನಲ್ಲಿ ಕಟ್ಟೆಯಿಲ್ಲ, ಅದೇ 8 ಮನೆಯಲ್ಲಿ ನಾಲ್ವರೂ ನಡೆಯುತ್ತಾರೆ. ಅಲ್ಲಿ ಕಡಿಸಿಕೊಂಡರೆ ಹದಿನೈದಕ್ಕೂ ಹೆಚ್ಚು ಹೆಜ್ಜೆ ನೀರಿಗೆ. ಆದ್ದರಿಂದ ಒಂದೇ ಕಾಯಿ ಓಡಿಸಬೇಡಿ. ಕಡಿಯಲು ಒಂದನ್ನು ಹೊರಸುತ್ತಿನಲ್ಲಿ ಹಿಂದೆ ಉಳಿಸಿಕೊಳ್ಳಿ. ಹಣ್ಣಾಗಲು ಸರಿಯಾದ ಗರವೇ ಬೀಳಬೇಕು. ಒಂದು ಬೇಕಾದ ಕಡೆ ಮೂರು ಬಿದ್ದರೆ ನಡೆಸಲು ಬೇರೆ ಕಾಯಿ ಇರಬೇಕು, ಇಲ್ಲದಿದ್ದರೆ ಗರ ವ್ಯರ್ಥ. ಕೊನೆಯ ಎರಡು ಕಾಯಿಗಳನ್ನು ಜೊತೆಜೊತೆಗೇ ಒಳಕ್ಕೆ ತನ್ನಿ.