ಟೇಪ್ ಬಿಟ್ಟು ತೋಳು ಬೀಸಿದ್ದು

ಮಾಸ್ಕಿಂಗ್ ಟೇಪ್ ಅಂಟಿಸಿ ಚೌಕ, ಪಟ್ಟಿ ಬಿಡಿಸುವ ನನ್ನ ಕೆಲಸ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು. ಅದನ್ನು ಬಿಟ್ಟು ದೊಡ್ಡ ಬೀಸುಗೆರೆ, ಅಂದರೆ ತೋಳು ಬೀಸಿ ಒಂದೇ ಸಲಕ್ಕೆ ಎಳೆಯುವ ಗೆರೆ, ಮಾಡುತ್ತೇನೆ ಅಂದಾಗ ಗೆಳೆಯರೆಲ್ಲ ಬೇಡ ಅಂದರು. ಈಗ ಅವರೇ ಸ್ಟುಡಿಯೋಗೆ ಬಂದು ಹೇಗೆ ಅಂತ ಕೇಳುತ್ತಿದ್ದಾರೆ.

ಕಾಟ ಕೊಟ್ಟಿದ್ದು ಬಣ್ಣ. ಟ್ಯೂಬಿನ ಅಕ್ರಿಲಿಕ್ ಅರ್ಧ ಗೆರೆಗೇ ತೀರಿ, ಬ್ರಷ್ ಒಣ ಕ್ಯಾನ್ವಾಸನ್ನು ಕೆರೆಯುತ್ತಿತ್ತು. ನೀರು ಜಾಸ್ತಿ ಹಾಕಿದರೆ ಬಣ್ಣ ಸಪ್ಪೆ, ಒಣಗಿದ ಮೇಲೆ ಪುಡಿಪುಡಿ. ಬೆಂಗಳೂರಿನ ಮಾರ್ಚ್ ಸೆಕೆಯಲ್ಲಂತೂ ಗೆರೆ ಮುಗಿಯುವಷ್ಟರಲ್ಲಿ ಶುರುವಿನ ಭಾಗ ಒಣಗಿರುತ್ತಿತ್ತು. ಐದಡಿಯ ಕ್ಯಾನ್ವಾಸ್‌ಗಳೇ ಹತ್ತರ ಮೇಲೆ ಹಾಳಾದವು. ಬಣ್ಣ ಸೇರಿ ಸುಮಾರು 40 ಸಾವಿರ ಹೋಯಿತು.

ಈಗ ಪ್ರೈಮರ್ ಮೇಲೆ ಒಂದು ಕೋಟ್ ಮ್ಯಾಟ್ ಮೀಡಿಯಂ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಹೊಡೆದು ಉಪ್ಪುಕಾಗದದಲ್ಲಿ ಉಜ್ಜುತ್ತೇನೆ. ಬಟ್ಟೆ ಬಣ್ಣ ಹೀರುವುದು ಕಡಿಮೆಯಾಗಿ ಬ್ರಷ್ ಜಾರುತ್ತದೆ. ಬಣ್ಣಕ್ಕೂ ನೀರಿನ ಬದಲು ಮೀಡಿಯಂ, ಗಟ್ಟಿ ಮಜ್ಜಿಗೆಯ ಹದಕ್ಕೆ. ಜೊತೆಗೆ ಇನ್ನೊಂದು ಬೆರೆಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಕ್ಯಾನ್ವಾಸ್ ನೆಲದ ಮೇಲೆ. ಬ್ರಷ್ ಗೋಡೆಗೆ ಬಣ್ಣ ಹೊಡೆಯುವ 4 ಇಂಚಿನದು, ಹಾರ್ಡ್‌ವೇರ್ ಅಂಗಡಿಯಲ್ಲಿ 150 ರೂಪಾಯಿ ಇರಬೇಕು. ಅದಕ್ಕೆ ಉದ್ದ ಕೋಲು ಕಟ್ಟಿದೆ. ಮಣಿಕಟ್ಟಿನ ಆಟ ನಿಂತು ಭುಜ, ಸೊಂಟ ಕೆಲಸಕ್ಕೆ ಬಂದವು. ಗೆರೆಗೆ ಜೀವ ಬಂದಿದ್ದೇ ಅಲ್ಲಿ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಲಯಕ್ಕಾಗಿ ಕಥಕ್ ಕಲಿತದ್ದು ಯಾಕೆ ಅಂತ ಆಗ ಮೈಗೆ ಅರ್ಥವಾಯಿತು.

ಸುಮ್ನೆ ಬೀಸಿದರೆ ಆಯಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ದೊಡ್ಡ ಬೀಸುಗೆರೆಗಳಿಗೆ ಹೆಸರಾದ ಅಮೆರಿಕದ ಚಿತ್ರಕಾರ ಫ್ರಾಂಜ್ ಕ್ಲೈನ್ ಟೆಲಿಫೋನ್ ಡೈರೆಕ್ಟರಿಯ ಹಾಳೆಗಳ ಮೇಲೆ ಚಿಕ್ಕದಾಗಿ ಬಿಡಿಸಿಕೊಂಡು, ಅದನ್ನು ನೋಡಿ ದೊಡ್ಡ ಚಿತ್ರ ಮಾಡುತ್ತಿದ್ದರು. ನಾನು ರದ್ದಿ ಪೇಪರ್ ಹಾಸಿ, ಗೆರೆ ಕೈಗೆ ಕೂರುವವರೆಗೆ ಬೀಸುತ್ತೇನೆ. ಆಮೇಲೆ ಕ್ಯಾನ್ವಾಸ್ ಮೇಲೆ ಒಂದೇ ಸಲ. ತಿದ್ದುವುದಿಲ್ಲ. ತಿದ್ದಿದ ಗೆರೆ ಕಣ್ಣಿಗೆ ಗೊತ್ತಾಗಿಬಿಡುತ್ತದೆ, ಅಲ್ವಾ?

ನಡುವೆ ತೆಂಗಿನ ಕಡ್ಡಿಯ ಪೊರಕೆಯನ್ನೂ ಹಿಡಿದು ನೋಡಿದೆ. ಕಡ್ಡಿ ಬಣ್ಣ ಹಿಡಿಯುವುದಿಲ್ಲ, ಆದರೆ ಹಸಿ ಬಣ್ಣದ ಮೇಲೆ ಎಳೆದರೆ ಸೊಗಸಾದ ಗೀರು ಬೀಳುತ್ತದೆ. ಸುಣ್ಣ ಬಳಿಯುವ ನಾರಿನ ಬ್ರಷ್ ಬರೀ ಚೆಲ್ಲಿತು. ನೆಲದ ನೀರು ಎಳೆಯುವ ವೈಪರ್ ಮಾತ್ರ ಅದ್ಭುತ. ಎರಡು ಬಣ್ಣ ಅಕ್ಕಪಕ್ಕ ಸುರಿದು ಒಂದೇ ಉಸಿರಿಗೆ ಎಳೆಯಿರಿ, ನೋಡಿ. ಯಾವ ಕೋನದಲ್ಲಿ ಹಿಡಿಯಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಿ.

ಟೇಪಿನ ಚಿತ್ರ 8 ಸಾವಿರ ದಾಟುತ್ತಿರಲಿಲ್ಲ. ಈಚೆಗೆ ಐದಡಿಯದೊಂದು 45 ಸಾವಿರದ ಆಸುಪಾಸಿಗೆ ಹೋಯಿತು. ಹಾಳಾದ ದುಡ್ಡು ಅದೊಂದರಲ್ಲೇ ವಾಪಸ್ ಬಂತು. ಈಗ ಇನ್ನೂ ಅಗಲದ ರೋಲ್ ತಂದಿದ್ದೇನೆ. ಅದಕ್ಕೆ 4 ಇಂಚು ಸಾಲದು, ಎರಡು ಬ್ರಷ್ ಪಕ್ಕಪಕ್ಕ ಪಟ್ಟಿಗೆ ಹೊಡೆದು ನೋಡುತ್ತಿದ್ದೇನೆ.