ಕಿಟ್ಟು ಕ್ಯಾಮರಾ ಬಿಟ್ಟು ಚೀಟಿ ಹಿಡಿದೆ: ಹಾಸ್ಟೆಲಲ್ಲಿ ಗಾಂಜಾ ಕಮ್ಮಿ ಮಾಡಿದ ನನ್ನ ಅನುಭವ

ಮೂರು ವರ್ಷ ಕಮಿಟಿ ಮೀಟಿಂಗಲ್ಲಿ "ಈ ಕೌನ್ಸೆಲಿಂಗ್ ಎಲ್ಲ ಆಗಲ್ಲ ಸಾರ್, ಇಬ್ಬರನ್ನ ಪೊಲೀಸಿಗೆ ಕೊಡಿ, ಉಳಿದೋರು ತಾವೇ ಸರಿ ಹೋಗ್ತಾರೆ" ಅಂತ ಕೇಳಿ ಸಾಕಾಗಿತ್ತು. ಈ ವರ್ಷ ಅದೇ ಜನ ನನ್ನ ಚೀಟಿ ಫಾರ್ಮ್ಯಾಟ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ. ಶಿವಮೊಗ್ಗ ಕಡೆ ಇಂಜಿನಿಯರಿಂಗ್ ಕಾಲೇಜು, ಹುಡುಗರ ಹಾಸ್ಟೆಲಲ್ಲಿ 320 ಜನ, ನಾನು ವಾರ್ಡನ್ನು.

ಮೊದಲು ದುಡ್ಡು ಹಾಳು ಮಾಡಿದ ಕಥೆ. ಹೊಗೆ ಅಲಾರಂ 14 ಹಾಕಿಸಿದ್ವಿ, ಒಂದಕ್ಕೆ 1,800 ಇರಬೇಕು. ಹುಡುಗರು ಅದಕ್ಕೆ ಬಲೂನ್ ತೊಡಿಸಿದ್ರು, ಆಮೇಲೆ ನೀರಿನ ಟ್ಯಾಂಕ್ ಹಿಂದೆ ಹೋದ್ರು. ಟ್ಯಾಂಕ್ ಕಡೆ ಕ್ಯಾಮರಾ ಹಾಕಿದ್ವಿ, ಎಲ್ಲ ಸೇರಿ ಒಂದು ಲಕ್ಷ ದಾಟ್ತು, ಅವರು ಪಕ್ಕದ ಅಡಿಕೆ ತೋಟಕ್ಕೆ ಹೋದ್ರು. ಮೂರನೇದು ಮೂತ್ರದಲ್ಲಿ ಗಾಂಜಾ ಇದ್ಯಾ ಅಂತ ನೋಡೋ ಯೂರಿನ್ ಕಿಟ್ಟು, ಒಂದಕ್ಕೆ 80-90 ರೂಪಾಯಿ, ಇನ್ನೂರು ತಂದಿದ್ದೆ. ಇದು ನನ್ನ ದೊಡ್ಡ ತಪ್ಪು. ಫೈನಲ್ ಇಯರ್ ಹುಡುಗ ಒಬ್ಬ, ದಿನಾ ಸೇದ್ತಿದ್ದೋನು, ಬಿಟ್ಟು ಮೂರು ವಾರ ಆಗಿತ್ತು, ಬೆಳಿಗ್ಗೆ ನನ್ ಜೊತೆನೇ ವಾಕಿಂಗ್ ಬರ್ತಿದ್ದ. ಕಿಟ್ಟಲ್ಲಿ ಪಾಸಿಟಿವ್. ಅಪರೂಪಕ್ಕೆ ಸೇದೋನಿಗೆ ಮೂರ್ನಾಲ್ಕು ದಿನಕ್ಕೆ ಹೋಗತ್ತೆ, ದಿನಾ ಸೇದೋನಿಗೆ ಕೊಬ್ಬಲ್ಲಿ ಕೂತಿದ್ದು ಒಂದು ತಿಂಗಳವರೆಗೂ ಮೂತ್ರದಲ್ಲಿ ತೋರಿಸಬಹುದು ಅನ್ನೋದನ್ನ ಓದಿದ್ದೆ, ಆದ್ರೆ ಆವತ್ತು ಕಮಿಟಿ ಮುಂದೆ ಗಟ್ಟಿಯಾಗಿ ಹೇಳಲಿಲ್ಲ. 15 ದಿನ ಸಸ್ಪೆಂಡ್ ಮಾಡಿದ್ರು, ಮನೇಲಿ ಕೂತು ವಾಪಸ್ ಶುರು ಮಾಡಿದ. ಅವರಪ್ಪ ಅಡಿಕೆ ಚೇಣಿ (ತೋಟದ ಫಸಲು ಗುತ್ತಿಗೆ ಹಿಡಿಯೋದು) ಮಾಡೋರು, ಬಂದು "ಬಿಟ್ಟಿದ್ದ ಅಲ್ವಾ ಮೇಷ್ಟ್ರೇ" ಅಂತ ಅಷ್ಟೇ ಕೇಳಿದ್ರು. ಉಳಿದ ಕಿಟ್ಟು ಇನ್ನೂ ಬೀರುವಲ್ಲಿದೆ, ಮುಟ್ಟಿಲ್ಲ.

ಆಮೇಲೆ ಹಿಡಿದದ್ದು ಚೀಟಿ. ಎರಡೇ ಪ್ರಶ್ನೆ: ಹೋದ 30 ದಿನದಲ್ಲಿ ಸೇದಿದೀಯಾ, ಹಾಸ್ಟೆಲಲ್ಲಿ ನೂರಕ್ಕೆ ಎಷ್ಟು ಜನ ಸೇದ್ತಾರೆ ಅನ್ಸತ್ತೆ. ಹೆಸರಿಲ್ಲ, ಎಲ್ಲರಿಗೂ ಒಂದೇ ಥರ ಪೆನ್ಸಿಲ್ಲು, ಡಬ್ಬ ಮೆಸ್ಸಲ್ಲಿ ತಟ್ಟೆ ಇಡೋ ಜಾಗದಲ್ಲಿ. ನೂರಕ್ಕೆ ನಲವತ್ತು ಅಂತ ಅಂದಾಜು ಮಾಡಿದೋರೇ ಜಾಸ್ತಿ, ಹೂಂ ಅಂದಿದ್ದು ನೂರಕ್ಕೆ ಹನ್ನೊಂದೋ ಹನ್ನೆರಡೋ. ಚೀಟಿಗಳನ್ನೇ ಮೆಸ್ ಬೋರ್ಡಿಗೆ ಅಂಟಿಸಿದೆ, ಬೇಕಾದ್ರೆ ನೀವೇ ಎಣಿಸ್ಕೊಳ್ಳಿ ಅಂದೆ. "ಎಲ್ಲರೂ ಹೊಡೀತಾರೆ" ಅಂತ ನಂಬಿ ಸೀನಿಯರ್ ಹಿಂದೆ ಹೋಗ್ತಿದ್ದ ಫಸ್ಟ್ ಇಯರ್ ಹುಡುಗರಿಗೆ ಇದು ಬಹಳ ತಾಗ್ತು. ಸುಳ್ಳು ಬರೆದ್ರೆ ಅಂತೀರಾ? ಅದಕ್ಕೊಂದು ಉಪಾಯ ಮಾಡಿದೀನಿ, ಇಲ್ಲಿ ಬರೆಯಲ್ಲ, ನಮ್ ಹುಡುಗರೂ ಓದ್ತಾರೆ.

ಇನ್ನೊಂದು, ತಾನಾಗೇ ಬಂದು ಹೇಳ್ಕೊಂಡವನ ಹೆಸರು ಕಮಿಟಿಗೆ ಹೋಗಲ್ಲ ಅನ್ನೋ ರೂಲು. ಪ್ರಿನ್ಸಿಪಾಲ್ ಒಪ್ಪಿಸೋಕೆ ಎರಡು ತಿಂಗಳು ಬೇಕಾಯ್ತು. ಮಾದಕ ವಸ್ತುಗಳ ಕಾನೂನು, ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ತೋರಿಸಿದೆ, ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕ ವ್ಯಸನಿ ತಾನೇ ಮುಂದೆ ಬಂದು ಚಿಕಿತ್ಸೆ ಪೂರ್ತಿ ತಗೊಂಡ್ರೆ ಪ್ರಾಸಿಕ್ಯೂಷನ್‌ನಿಂದ ರಕ್ಷಣೆ ಇದೆ, ಕಾನೂನೇ ಒಂದು ಬಾಗಿಲು ಬಿಟ್ಟಿರುವಾಗ ನಾವ್ಯಾಕೆ ಮುಚ್ಚಬೇಕು ಅಂದೆ. ಮಾರೋನಿಗೆ ಮಾತ್ರ ಈ ಬಾಗಿಲಿಲ್ಲ, ಅದನ್ನೂ ಬರೆದು ಹಾಕಿದೆ. ಮೊದಲ ತಿಂಗಳು ಒಬ್ಬನೂ ಬರಲಿಲ್ಲ, ಕಮಿಟಿಯವರು ನಗಾಡಿದ್ರು. ವರ್ಷದ ಕೊನೆಗೆ 17 ಜನ ಬಂದಿದ್ರು.

ಬಂದೋರೆಲ್ಲ ಮೊದಲು ವಾದ ಮಾಡ್ತಾರೆ. ಥೈಲ್ಯಾಂಡಲ್ಲಿ ಲೀಗಲ್, ಕೆನಡಾದಲ್ಲಿ 2018ರಿಂದ ಲೀಗಲ್, 2024ರಲ್ಲಿ ಜರ್ಮನಿನೂ ಬಿಟ್ಟಿದೆ, ನಮ್ಮಲ್ಲೂ ಇವತ್ತಲ್ಲ ನಾಳೆ ಆಗತ್ತೆ ಸಾರ್ ಅಂತ. ಯಾದಗಿರಿ ಕಡೆ ಹುಡುಗ ಒಬ್ಬ ನಮ್ ಜಾತ್ರೇಲಿ ಭಂಗಿ, ಅಂದ್ರೆ ಗಾಂಜಾ, ಪ್ರಸಾದ ಅಂದ. ಮೊದಲೆಲ್ಲ ನಾನು ಜಗಳಕ್ಕೆ ನಿಲ್ತಿದ್ದೆ, ಈಗ ಕಾಗದ ಪೆನ್ನು ಕೊಟ್ಟು ಜೊತೆಗೇ ಬರೆಸ್ತೀನಿ. ಥೈಲ್ಯಾಂಡ್ 2022ರಲ್ಲಿ ಬಿಟ್ಟಿದ್ದನ್ನ 2025ರಲ್ಲಿ ಡಾಕ್ಟರ್ ಚೀಟಿ ಬೇಕು ಅಂತ ಬಿಗಿ ಮಾಡ್ತು. ಕೆನಡಾದಲ್ಲಿ ಹೆಚ್ಚಿನ ಕಡೆ 19 ತುಂಬಿರಬೇಕು, ಕ್ಯೂಬೆಕ್‌ನಲ್ಲಿ 21. ನಮ್ಮಲ್ಲಿ ಒಂದು ಕೆಜಿ ಒಳಗೆ ಇಟ್ಕೊಂಡ್ರೂ ಒಂದು ವರ್ಷದವರೆಗೆ ಜೈಲು, ಸೇದಿದ್ದಕ್ಕೇ ಆರು ತಿಂಗಳವರೆಗೆ. ಎಂಎಸ್ ಮಾಡೋಕೆ ಹೊರಟೋರಿಗೆ ಇನ್ನೊಂದು: ಅಮೆರಿಕದ ಎಷ್ಟೋ ರಾಜ್ಯದಲ್ಲಿ ಲೀಗಲ್ ಇರಬಹುದು, ವೀಸಾ ನೋಡೋದು ಫೆಡರಲ್ ಕಾನೂನು, ಅಲ್ಲಿ ಅದು ಇವತ್ತಿಗೂ ನಿಷೇಧವೇ, ಸೇದಿದ್ದೆ ಅಂತ ಬಾಯಿ ಬಿಟ್ರೂ ತೊಂದರೆ ಆಗಬಹುದು. ಜೈಲಿಗಿಂತ ಈ ಮಾತಿಗೆ ಹುಡುಗರು ಜಾಸ್ತಿ ಬೆಚ್ಚಿದ್ರು.

ಆದ್ರೆ ನಿಜವಾದ ಕಷ್ಟ ರಾತ್ರಿ. ದಿನಾ ಸೇದ್ತಿದ್ದೋನು ಬಿಟ್ರೆ ಮೊದಲ ವಾರ ನಿದ್ದೆ ಇಲ್ಲ, ಊಟ ಸೇರಲ್ಲ, ಮೈಯೆಲ್ಲ ಸಿಡಿಸಿಡಿ. ನಮ್ಮಲ್ಲಿ ಜಾರಿದೋರು ಬಹುಪಾಲು ಮೂರು-ನಾಲ್ಕನೇ ರಾತ್ರಿನೇ ಜಾರಿದಾರೆ. ಅದಕ್ಕೆ ಆ ವಾರ ರಾತ್ರಿ ಹತ್ತೂವರೆಗೆ ಮಂಡಕ್ಕಿ, ಮಜ್ಜಿಗೆ, ಆಮೇಲೆ ಶಟಲ್. ಎರಡು ಲೈಟ್, ನೆಟ್, ಕಾಕ್ ಎಲ್ಲ ಸೇರಿ ಏಳೆಂಟು ಸಾವಿರ. ಮಧ್ಯೆ ಒಂದು ಪ್ರಯೋಗ ಮಾಡಿದೆ, ಅರ್ಧ ಜನಕ್ಕೆ ಶಟಲ್, ಅರ್ಧ ಜನಕ್ಕೆ ಬರೀ ಬಿಸಿ ಹಾಲು ಮತ್ತು ಪ್ರಾಣಾಯಾಮ. ಹಾಲಿನ ಕಡೆಯೋರು ಮೂರನೇ ದಿನಕ್ಕೆ ಶಟಲ್ ಕೋರ್ಟಲ್ಲಿದ್ರು, ಪ್ರಯೋಗ ಅಲ್ಲಿಗೆ ಮುಗೀತು. ಆದ್ರೆ ಹತ್ತೂವರೆಗೆ ಶುರುವಾದ ಆಟ ಹನ್ನೆರಡಾದ್ರೆ ನಿದ್ದೆ ಇನ್ನೂ ಕೆಡತ್ತೆ, ಹನ್ನೊಂದೂಕಾಲಿಗೆ ಲೈಟ್ ಆಫ್.

ಗಾಂಜಾ ಚಟ ಎಷ್ಟಿದೆ ಅಂತ ಪ್ರಶ್ನೆ ಕೇಳಿ ಅಳೆಯೋ ಕುಡಿಟ್ (CUDIT) ಅನ್ನೋ ಪಟ್ಟಿಯಲ್ಲಿ ಸ್ಕೋರ್ 12 ದಾಟಿದೋರನ್ನ ನಾನು ಇಟ್ಕೊಳ್ಳಲ್ಲ, ಸೈಕಿಯಾಟ್ರಿಸ್ಟ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ, ಐದು ಜನ ಹಂಗೆ ಹೋದ್ರು. ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅಂದವನನ್ನ ಸ್ಕೋರ್ ನೋಡದೇ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಬರೋಕೆ ನಾಚಿಕೆ ಇದ್ದೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರೆದು ಕೊಡ್ತೀನಿ.

17ರಲ್ಲಿ 11 ಜನ ಸೇದದೇ ಆರು ತಿಂಗಳು ದಾಟಿದಾರೆ. ಮೊನ್ನೆ ಚೀಟಿಯಲ್ಲಿ ಹೂಂ ಅಂದೋರು ನೂರಕ್ಕೆ ಐದಾರು. ವರ್ಷದ ಖರ್ಚು 30 ಸಾವಿರದ ಆಸುಪಾಸು, ಕ್ಯಾಮರಾ ಬಿಲ್ಲಿನ ಮೂರನೇ ಒಂದು ಭಾಗನೂ ಇಲ್ಲ. ಆ ಫೈನಲ್ ಇಯರ್ ಹುಡುಗ ಬ್ಯಾಕ್ ಪೇಪರ್ ಬರೆಯೋಕೆ ಬಂದಾಗ ಮಾತಾಡಿಸ್ದೆ, ಮೊದಲು ತಲೆ ತಗ್ಗಿಸಿದ, ಆಮೇಲೆ ಎರಡು ರಾತ್ರಿ ಶಟಲ್ ಆಡಿ ಹೋದ. ಮುಂದಿನ ಪರೀಕ್ಷೆಗೆ ಬಂದಾಗ ನನ್ ರೂಮಲ್ಲೇ ಉಳ್ಕೋ ಅಂದಿದೀನಿ.