ಇಂಜಿನ್ ಇಳಿಸದೆ ಟರ್ಬೊ ಬದಲಿಸುವ ಕ್ರಮ: ಎಣ್ಣೆಯ ದಾರಿಯೇ ಮುಖ್ಯ

ಫಿಯೆಟ್ ಮೂಲದ 1248 ಸಿಸಿ ಡೀಸೆಲ್ ಇಂಜಿನ್ 2007ರಲ್ಲಿ ಸ್ವಿಫ್ಟ್ ಕಾರಿಗೆ ಬಂದಿತು. ಅದೇ ಇಂಜಿನ್ ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಕಾರುಗಳಲ್ಲಿಯೂ ಇದ್ದುದರಿಂದ ನಮ್ಮ ಊರುಗಳಲ್ಲಿ ಅದನ್ನು ಬಿಚ್ಚಿ ಜೋಡಿಸದ ಗ್ಯಾರೇಜ್ ಇರಲಾರದು. ಆ ಕಾರುಗಳಲ್ಲಿ ಅನೇಕವು ಈಗ ಲಕ್ಷಾಂತರ ಕಿಲೋಮೀಟರ್ ಓಡಿದ್ದು, ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸೋಲುವ ವಯಸ್ಸಿಗೆ ಬಂದಿವೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ, ಅವಸರವಿಲ್ಲದ ವ್ಯಕ್ತಿಯೊಬ್ಬರು ಇಂಜಿನ್ ಇಳಿಸದೆಯೇ ಎರಡು ದಿನಗಳಲ್ಲಿ ಮನೆಯಲ್ಲಿ ಟರ್ಬೊ ಬದಲಿಸಬಹುದು. ಇಲ್ಲಿ ವಿವರಿಸುವ ಕ್ರಮವು ಈ ಇಂಜಿನ್ನಿನ 75 ಅಶ್ವಶಕ್ತಿಯ, ಸರಳ ಟರ್ಬೊ ಇರುವ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು; ಇತರ ಸಣ್ಣ ಡೀಸೆಲ್ ಕಾರುಗಳಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಮೊದಲು ಟರ್ಬೊ ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಶಿರಾಡಿಯಂತಹ ಘಾಟಿ ಹತ್ತುವಾಗ ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ, ಟರ್ಬೊದಿಂದ, ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್ ಸೀಳಿರುವ ಸಾಧ್ಯತೆಯೇ ಹೆಚ್ಚು. ಹೋಸ್‌ನ ಕೆಳಭಾಗವನ್ನು ಕೈಯಿಂದ ಸವರಿ ನೋಡಿರಿ. ಬೆರಳಿಗೆ ಎಣ್ಣೆಯ ಪಸೆ ಹತ್ತಿದ ಕಡೆ ಸೀಳು ಇರಬಹುದು. ಹೋಸ್ ಸರಿಯಿದ್ದು ನೀಲಿ ಹೊಗೆ ಬರುತ್ತಿದ್ದರೆ, ಅಥವಾ ಇಂಜಿನ್ನಿನ ವೇಗದೊಂದಿಗೆ ಏರುವ ತೀಕ್ಷ್ಣವಾದ ಕೀರಲು ಸದ್ದು ಕೇಳುತ್ತಿದ್ದರೆ, ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರ್‌ನಿಂದ ಬರುವ ಪೈಪನ್ನು ಕಳಚಿ, ಒಳಗಿನ ಚಕ್ರದ ಶಾಫ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಅಲುಗಿಸಿರಿ. ಅಕ್ಕಪಕ್ಕಕ್ಕೆ ಸ್ವಲ್ಪ ಅಲುಗುವುದು ಸಹಜ, ಏಕೆಂದರೆ ಅದರ ಬೇರಿಂಗ್ ಎಣ್ಣೆಯ ಪದರದ ಮೇಲೆ ತೇಲುವಂತಹದ್ದು. ಆದರೆ ಚಕ್ರದ ರೆಕ್ಕೆಗಳು ಹೊರಕವಚಕ್ಕೆ ತಾಗಿ ಉಜ್ಜಿದ ಗುರುತು ಇದ್ದರೆ, ಅಥವಾ ಶಾಫ್ಟ್ ಹಿಂದೆ ಮುಂದೆ ಸರಿಯುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತಿದ್ದರೆ ಟರ್ಬೊ ಮುಗಿದಿದೆ ಎಂದು ತಿಳಿಯಬೇಕು.

ಬಿಚ್ಚಲು ತೊಡಗುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ಇದು ಕೆಟ್ಟದ್ದೇಕೆ? ಇಂತಹ ಸಣ್ಣ ಟರ್ಬೊದ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗಬಲ್ಲದು. ಅದನ್ನು ಕಾಯುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪದರ ಮಾತ್ರ. ಎಣ್ಣೆ ಕೊಳೆಯಾಗಿದ್ದರೆ, ತಡವಾಗಿ ತಲುಪಿದರೆ, ಇಲ್ಲವೇ ಮರಳಿ ಇಳಿಯಲು ದಾರಿಯಿಲ್ಲದಿದ್ದರೆ ಯಾವ ಟರ್ಬೊವೂ ಉಳಿಯುವುದಿಲ್ಲ. ನಾನು ಮೊದಲ ಬಾರಿ ಈ ಕೆಲಸ ಮಾಡಿದಾಗ ಹಳೆಯ ಎಣ್ಣೆ ಪೈಪನ್ನು ಡೀಸೆಲ್‌ನಲ್ಲಿ ತೊಳೆದು ಮರಳಿ ಹಾಕಿದೆ. ಹೊರಗೆ ಹೊಳೆಯುತ್ತಿತ್ತು, ಊದಿದರೆ ಗಾಳಿಯೂ ಹೋಗುತ್ತಿತ್ತು. ಹೊಸ ಟರ್ಬೊ ಎರಡು ತಿಂಗಳೂ ಬಾಳಲಿಲ್ಲ. ಆ ಪೈಪನ್ನು ಉದ್ದಕ್ಕೆ ಸೀಳಿಸಿ ನೋಡಿದಾಗ, ಮ್ಯಾನಿಫೋಲ್ಡ್ (ಇಂಜಿನ್ನಿನ ಬಿಸಿ ಹೊಗೆ ಹೊರಬರುವ ಕವಲು ಪೈಪ್) ಬಳಿಯ ಬಾಗಿನಲ್ಲಿ ಇದ್ದಿಲಿನಂತೆ ಗಟ್ಟಿಯಾದ ಕರಿ ಕಟ್ಟಿಕೊಂಡು, ಸೂಜಿ ತೂರುವಷ್ಟೇ ದಾರಿ ಉಳಿದಿತ್ತು. ಅಂದಿನಿಂದ ಎಣ್ಣೆ ಬರುವ ಪೈಪನ್ನು ತೊಳೆದು ಬಳಸುವ ಮಾತೇ ಇಲ್ಲ.

ಹೀಗಾಗಿ ಟರ್ಬೊದ ಜೊತೆಗೆ ಎಣ್ಣೆ ಬರುವ ಹೊಸ ಪೈಪ್, ಅದರ ಬೋಲ್ಟಿನ ತಾಮ್ರದ ವಾಷರ್‌ಗಳು, ಎಲ್ಲ ಗ್ಯಾಸ್ಕೆಟ್‌ಗಳು, ಮ್ಯಾನಿಫೋಲ್ಡಿನ ಹೊಸ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮತ್ತು ನಟ್‌ಗಳು, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಇವೆಲ್ಲವನ್ನೂ ಒಟ್ಟಿಗೆ ತರಿಸಿಕೊಳ್ಳಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಕೊಳ್ಳುವವರು ಹಳೆಯ ಟರ್ಬೊದ ತಗಡಿನ ಫಲಕದಲ್ಲಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಕಾರಿನ ಹೆಸರು ಹೇಳಿ ತಂದದ್ದು ಹೊಂದದೆ ಹೋಗಬಹುದು.

ಕೆಲಸದ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇಯನ್ನು ಮ್ಯಾನಿಫೋಲ್ಡ್ ಮತ್ತು ಸೈಲೆನ್ಸರ್ ಪೈಪಿನ ನಟ್‌ಗಳಿಗೆಲ್ಲ ಹೊಡೆದು ಬಿಡಬೇಕು. ಬೆಳಿಗ್ಗೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನು ಎತ್ತಿ ಎರಡು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿರಿ. ಕೇವಲ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕ್ಷಣಕ್ಕೂ ಹೋಗಬಾರದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಹಳೆಯ ಎಣ್ಣೆಯನ್ನು ಒಂದು ತಟ್ಟೆಗೆ ಇಳಿಸಿರಿ. ಆ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು: ಲೋಹದ ಮಿಣುಕು ಕಂಡರೆ, ಅಥವಾ ತಳದಲ್ಲಿ ಕರಿಯ ಗಸಿ ನಿಂತರೆ ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರನ್ನೂ ಬಿಚ್ಚಿ ಒಳಗಿನ ಜಾಲರಿಯನ್ನು ತೊಳೆಯದೆ ಮುಂದಕ್ಕೆ ಹೋಗುವಂತಿಲ್ಲ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಏರ್ ಫಿಲ್ಟರ್ ಪೆಟ್ಟಿಗೆ, ಗಾಳಿಯ ಹೋಸ್‌ಗಳು, ಶಾಖ ತಡೆಯುವ ತಗಡು, ಸೈಲೆನ್ಸರ್ ಪೈಪಿನ ಜೋಡಣೆ, ಎಣ್ಣೆ ಬರುವ ಪೈಪ್, ಎಣ್ಣೆ ಮರಳುವ ಪೈಪ್, ಕೊನೆಗೆ ಮ್ಯಾನಿಫೋಲ್ಡಿನ ನಟ್‌ಗಳು, ಹೀಗೆ ಒಂದೊಂದಾಗಿ ಕಳಚುತ್ತಾ ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿರಿ. ಕೆಲವು ಕಾರುಗಳ ಟರ್ಬೊಗೆ ಕೂಲಂಟ್ ಪೈಪುಗಳೂ ಇರುತ್ತವೆ. ಅವಿದ್ದರೆ ಮೊದಲೇ ಕೂಲಂಟ್ ಇಳಿಸಬೇಕು. ಡೀಸೆಲ್ ಸಾಗಿಸುವ ಉಕ್ಕಿನ ಪೈಪುಗಳನ್ನು ಮಾತ್ರ ಮುಟ್ಟಬಾರದು. ಇಂಜಿನ್ ಓಡುವಾಗ ಅವುಗಳ ಒಳಗಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಬಿಗಿಯಾದ ನಟ್ ತಿರುಗದಿದ್ದರೆ ಬಲ ಹಾಕುವ ಬದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ, ಮತ್ತೆ ಸಡಿಲಿಸುವ ದಿಕ್ಕಿಗೆ ಎಂದು ಹಿಂದುಮುಂದು ತಿರುಗಿಸುತ್ತಾ, ನಡುನಡುವೆ ಸ್ಪ್ರೇ ಹೊಡೆಯುತ್ತಾ ಹೋಗಬೇಕು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ ತುಂಡಾದ ಸ್ಟಡ್ಡನ್ನು ತೆಗೆಯುವುದಕ್ಕೆ ಟರ್ಬೊ ಬದಲಿಸುವುದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಹಳೆಯ ಟರ್ಬೊ ಹೊರಬಂದ ಕೂಡಲೇ ಅದರ ರಂಧ್ರಗಳಿಗೂ ಇಂಜಿನ್ನಿನ ತೆರೆದ ಬಾಯಿಗಳಿಗೂ ಶುಭ್ರವಾದ ಬಟ್ಟೆ ತುರುಕಿ, ಎಷ್ಟು ತುಂಡು ಬಟ್ಟೆ ಎಂದು ಎಣಿಸಿಟ್ಟುಕೊಳ್ಳಿರಿ. ಈಗ ಇಂಟರ್‌ಕೂಲರನ್ನು ಬಿಚ್ಚಿ ಬಗ್ಗಿಸಿದರೆ ಒಳಗೆ ಸೋರಿ ನಿಂತ ಎಣ್ಣೆ ಹೊರಬರುತ್ತದೆ. ಈ ಕೆಲಸವನ್ನು ಬಿಟ್ಟುಬಿಡುವವರು ಅನೇಕರಿದ್ದಾರೆ, ಆದರೆ ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಡೀಸೆಲ್ ಇಂಜಿನ್ ಗಾಳಿಯೊಂದಿಗೆ ಬಂದ ಎಣ್ಣೆಯನ್ನೂ ಇಂಧನವಾಗಿ ಉರಿಸಬಲ್ಲದು. ಹಾಗಾದಾಗ ಕೀ ತೆಗೆದರೂ ಅದು ನಿಲ್ಲದೆ, ವೇಗ ಏರಿಸಿಕೊಳ್ಳುತ್ತಾ ತಾನೇ ಒಡೆದುಹೋಗುವವರೆಗೆ ಓಡಬಹುದು. ಆದುದರಿಂದ ಇಂಟರ್‌ಕೂಲರ್ ಮತ್ತು ಹೋಸ್‌ಗಳನ್ನು ಸೀಮೆಎಣ್ಣೆಯಲ್ಲಿ ಅಥವಾ ಡಿಗ್ರೀಸರ್‌ನಲ್ಲಿ ಹಲವು ಸಲ ತೊಳೆದು, ಬಗ್ಗಿಸಿಟ್ಟು, ಪೂರ್ತಿ ಒಣಗಿಸಿಯೇ ಜೋಡಿಸಬೇಕು. ಹಳೆಯ ಚಕ್ರದ ರೆಕ್ಕೆ ಮುರಿದಿದ್ದರೆ ಅದರ ಚೂರುಗಳೂ ಅಲ್ಲಿಯೇ ಅಡಗಿರುತ್ತವೆ. ಆಗ ಇಂಟರ್‌ಕೂಲರನ್ನೇ ಬದಲಿಸುವುದು ಒಳ್ಳೆಯದು.

ಹೊಸದನ್ನು ಕೂರಿಸುವ ಮೊದಲು ಮ್ಯಾನಿಫೋಲ್ಡಿನ ಮುಖವನ್ನು ಹಳೆಯ ಗ್ಯಾಸ್ಕೆಟ್ಟಿನ ತುಣುಕು ಉಳಿಯದಂತೆ ಕೆರೆದು, ಎಣ್ಣೆ ಮರಳುವ ಪೈಪಿನ ಒಳಗನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಎಣ್ಣೆ ಆ ಪೈಪಿನಲ್ಲಿ ತನ್ನ ತೂಕದಿಂದಷ್ಟೇ ಕೆಳಗಿಳಿಯುತ್ತದೆ, ಹಾಗಾಗಿ ಒಂದಿಷ್ಟು ಅಡಚಣೆಯಾದರೂ ಟರ್ಬೊದಲ್ಲಿ ಎಣ್ಣೆ ನಿಂತು ಸೈಲೆನ್ಸರ್ ಕಡೆಗೆ ಸೋರುತ್ತದೆ. ಇದೇ ಕಾರಣಕ್ಕೆ ಎಣ್ಣೆಯ ಜೋಡಣೆಗಳಲ್ಲಿ ಸಿಲಿಕಾನ್ ಪೇಸ್ಟ್ ಬಳಸಬಾರದು. ಹಿಂಡಿ ಒಳಬಂದ ಪೇಸ್ಟ್ ಒಣಗಿ ಕಳಚಿ ದಾರಿಯನ್ನು ಮುಚ್ಚುತ್ತದೆ. ನಟ್‌ಗಳನ್ನು ಮೊದಲು ಕೈಯಿಂದ ಕೂರಿಸಿ, ಬಳಿಕ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ, ಕಾರಿನ ಸರ್ವೀಸ್ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ರೆಂಚಿನಿಂದ ಮುಗಿಸಿರಿ.

ಎಣ್ಣೆ ಬರುವ ಪೈಪನ್ನು ಜೋಡಿಸುವ ಮೊದಲು, ಟರ್ಬೊದ ಮೇಲಿನ ರಂಧ್ರಕ್ಕೆ ಸಿರಿಂಜಿನಿಂದ ಹೊಸ ಎಣ್ಣೆ ಸುರಿಯುತ್ತಾ ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿರಿ. ಒಣಗಿದ್ದಾಗ ಹಗುರಾಗಿ ತಿರುಗುತ್ತಿದ್ದ ಚಕ್ರವು ಎಣ್ಣೆ ತಲುಪಿದ ಕ್ಷಣದಲ್ಲಿ ಜೇನಿನಲ್ಲಿ ತಿರುಗಿದಂತೆ ಮೆತ್ತಗಾಗುವುದು ಬೆರಳಿಗೇ ತಿಳಿಯುತ್ತದೆ. ಅನಂತರ ಪೈಪನ್ನು ಜೋಡಿಸಿ, ಹೊಸ ಫಿಲ್ಟರ್ ಹಾಕಿ, ಕಾರಿನ ಪುಸ್ತಕ ಹೇಳುವ ದರ್ಜೆಯ ಎಣ್ಣೆ ತುಂಬಿರಿ.

ಕೀ ತೆಗೆದಿರುವಾಗಲೇ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ವಿದ್ಯುತ್ ಕನೆಕ್ಟರ್‌ಗಳನ್ನು ಕಳಚಿ, ಎಣ್ಣೆ ಮರಳುವ ಪೈಪಿನ ಕೆಳತುದಿಯನ್ನು ಬಿಡಿಯಾಗಿಟ್ಟು ಅದರ ಕೆಳಗೊಂದು ಡಬ್ಬಿ ಇಡಿರಿ. ಬ್ಯಾಟರಿ ಜೋಡಿಸಿ, ಒಮ್ಮೆಗೆ ಹತ್ತು ಸೆಕೆಂಡಿನಂತೆ, ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಸ್ಟಾರ್ಟರ್ ತಿರುಗಿಸಿರಿ. ಇಂಜಿನ್ ಹೊತ್ತಿಕೊಳ್ಳುವುದಿಲ್ಲ, ಆದರೆ ಎಣ್ಣೆಯ ಪಂಪು ಕೆಲಸ ಮಾಡುತ್ತದೆ. ಮೊದಲು ಒಂದೆರಡು ಹನಿ, ಆಮೇಲೆ ಸಣ್ಣ ಧಾರೆಯಾಗಿ ಎಣ್ಣೆ ಡಬ್ಬಿಗೆ ಬೀಳುವವರೆಗೆ ಇದನ್ನು ಮುಂದುವರಿಸಬೇಕು. ಧಾರೆ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಣ್ಣೆ ಎಲ್ಲಿ ತಡೆದಿದೆ ಎಂದು ಹುಡುಕಿರಿ. ಆ ಸ್ಥಿತಿಯಲ್ಲಿ ಇಂಜಿನ್ ಹೊತ್ತಿಸಿದರೆ ಹೊಸ ಟರ್ಬೊ ಒಂದೆರಡು ನಿಮಿಷದಲ್ಲೇ ಹಾಳಾಗಬಹುದು.

ಧಾರೆ ಬಂದ ಮೇಲೆ ಪೈಪನ್ನೂ ಕನೆಕ್ಟರ್‌ಗಳನ್ನೂ ಜೋಡಿಸಿ, ಎಣ್ಣೆಯ ಮಟ್ಟ ನೋಡಿ, ಇಂಜಿನ್ ಹೊತ್ತಿಸಿ ಐದು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಬಿಡಿರಿ. ಚಾಲಕರ ಆಸನದಲ್ಲಿ ಒಬ್ಬರು ಕುಳಿತಿರಲೇಬೇಕು. ಇಂಜಿನ್ ತಾನಾಗಿ ವೇಗ ಏರಿಸಿಕೊಂಡರೆ ಅವರು ಬ್ರೇಕನ್ನು ಪೂರ್ತಿ ಒತ್ತಿ, ಅತಿ ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ನಿಲ್ಲಿಸಬೇಕು. ಇದಕ್ಕಾಗಿ ಕಾರನ್ನು ಸ್ಟ್ಯಾಂಡ್‌ನಿಂದ ಮೊದಲೇ ಇಳಿಸಿ, ಮುಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿರಿ. ಆರಂಭದಲ್ಲಿ ಸೈಲೆನ್ಸರ್‌ನಲ್ಲಿ ಉಳಿದ ಎಣ್ಣೆ ಸುಟ್ಟು ನೀಲಿ ಹೊಗೆ ಬರುತ್ತದೆ. ಅರ್ಧ ಗಂಟೆಯ ಓಡಾಟದೊಳಗೆ ಅದು ಇಳಿಮುಖವಾಗಬೇಕು. ಕನೆಕ್ಟರ್ ಕಳಚಿದ್ದರಿಂದ ಹೊತ್ತಿಕೊಂಡ ಎಚ್ಚರಿಕೆಯ ದೀಪವನ್ನು ಸ್ಕ್ಯಾನರಿನಿಂದ ಆರಿಸಿಕೊಳ್ಳಬಹುದು.

ಮೊದಲ ಕೆಲವು ದಿನ ಮೃದುವಾಗಿ ಓಡಿಸಿ, ಪ್ರತಿದಿನ ಬೆಳಿಗ್ಗೆ ಎಣ್ಣೆಯ ಮಟ್ಟವನ್ನೂ ಜೋಡಣೆಗಳ ಕೆಳಗಿನ ನೆಲವನ್ನೂ ನೋಡಿರಿ. 500 ಕಿಲೋಮೀಟರ್ ಆದ ಬಳಿಕ ಎಣ್ಣೆ ಮತ್ತು ಫಿಲ್ಟರನ್ನು ಮತ್ತೊಮ್ಮೆ ಬದಲಿಸಿರಿ; ಹಳೆಯ ಟರ್ಬೊದಿಂದ ಉದುರಿದ ಲೋಹದ ಪುಡಿ ಇಂಜಿನ್ನಿನೊಳಗೆ ಉಳಿದಿದ್ದರೆ ಈ ಎಣ್ಣೆಯೊಂದಿಗೆ ಹೊರಹೋಗುತ್ತದೆ. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿಸಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ.